ತವರಿನಲ್ಲಿ ನುಂಗಿದ ಮಾತ್ರೆಗಳು

ಅತ್ತೆ ನನಗೆ ಮೋಸ ಮಾಡಿದ್ದರೆ ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದೆ. ಅತ್ತೆಯ ಮೇಲೆ ದೂರು ಹೇಳಲು ನಮ್ಮ ಕಡೆ ಯಾರೂ ನಾಚುವುದಿಲ್ಲ, ಕೇಳುವವರಿಗೂ ಬೇಸರವಿಲ್ಲ. ಮೋಸ ಮಾಡಿದವಳು ಅಮ್ಮ. ಅದನ್ನು ಯಾರ ಮುಂದೆ ಹೇಳಲಿ? ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಸಾಕಾಗಿದೆ.

ನಾನು ಹುಟ್ಟಿದ್ದು ಮಡಕಶಿರಾ ಸೀಮೆಯಲ್ಲಿ, ಅಮರಾಪುರದ ಹತ್ತಿರ. ಕೊಟ್ಟಿದ್ದು ರಾಯದುರ್ಗದ ಆಚೆ, ಗುಮ್ಮಘಟ್ಟದ ಕಡೆ. ಎರಡು ಮನೆಯಲ್ಲೂ ಕುರಿ, ಎರಡು ಮನೆಯಲ್ಲೂ ಮಳೆ ನಂಬಿದ ಹೊಲ. ಮಾತಿನ ಧಾಟಿ ಮಾತ್ರ ಬೇರೆ. ಬಸುರಾದ ಮೂರನೇ ತಿಂಗಳಲ್ಲಿ ರಕ್ತ ನೋಡಿದರೆ ಎಂಟಿತ್ತು. ಹನ್ನೊಂದಾದರೂ ಇರಬೇಕು ಎಂದು ನರ್ಸಮ್ಮ ಕೆಂಪು ಮಾತ್ರೆ ಕೊಟ್ಟರು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ, ಇರುವುದೇ ಇಷ್ಟಾದರೆ ಹೋದ ಮೇಲೆ ಉಳಿಯುವುದೇನು ಎಂದು ಬಿಡಿಸಿ ಹೇಳಿದರು. ನಾನು ಕೇಳಿಸಿಕೊಂಡೆನೋ ಇಲ್ಲವೋ, ಅತ್ತೆ ಚೆನ್ನಾಗಿ ಕೇಳಿಸಿಕೊಂಡರು.

ಅಬ್ಬಬ್ಬಾ, ಆ ಹೆಂಗಸಿನ ಕಾವಲು! ಮಧ್ಯಾಹ್ನ ಊಟವಾದ ಸ್ವಲ್ಪ ಹೊತ್ತಿಗೆ ಮಾತ್ರೆ, ಜೊತೆಗೆ ನಿಂಬೆಹಣ್ಣಿನ ನೀರು. ಅದರ ಆಸುಪಾಸಿನಲ್ಲಿ ಚಹಾ ಕೇಳಿದರೆ ಗದರಿಕೆ. ಮಾತ್ರೆಯ ವಾಸನೆಗೇ ನನಗೆ ಹೊಟ್ಟೆ ತೊಳಸುತ್ತಿತ್ತು, ಬೆಳಗ್ಗೆ ಹೊರಕಡೆಗೆ ಹೋದರೆ ಇದ್ದಿಲಿನಷ್ಟು ಕಪ್ಪು.

"ಯಾಕ, ಏನು ವಿಷ ಕೊಡಾಕತ್ತೀನೇನು ನಿನಗ? ನುಂಗು. ಬಾಯಿ ತೆಗಿ. ನಾಲಿಗಿ ಎತ್ತು, ನೋಡ್ತೀನಿ," ಎನ್ನುತ್ತಿದ್ದರು ಅತ್ತೆ.

ಗಂಡನ ಎದುರೇ ಬಾಯಿ ತೆಗೆಸುತ್ತಿದ್ದರು. ನನ್ನನ್ನು ಕದ್ದವಳ ಹಾಗೆ ಕಾಣುತ್ತಾರೆ ಎಂದು ಅಮ್ಮನಿಗೆ ಫೋನು ಮಾಡಿ ಅಳುತ್ತಿದ್ದೆ. ಆರು ತಿಂಗಳು ತುಂಬುವ ಹೊತ್ತಿಗೆ ರಕ್ತ ಹತ್ತಕ್ಕೆ ಏರಿತ್ತು. ಅತ್ತೆ ಅದನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ನನಗೆ ಮಾತ್ರ ಏಳನೇ ತಿಂಗಳ ಕುಬಸದ ಶಾಸ್ತ್ರ ಮುಗಿಸಿ ತವರಿನ ಬಸ್ಸು ಹತ್ತಿದರೆ ಸಾಕಾಗಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಹೊರಡುವಾಗ ಅತ್ತೆ ಉಳಿದ ಮಾತ್ರೆಗಳನ್ನು ಅಮ್ಮನ ಕೈಗೇ ಕೊಟ್ಟು, "ಒಂದು ದಿನಾನೂ ತಪ್ಪಿಸಬ್ಯಾಡ್ರಿ," ಎಂದರು. ಅಮ್ಮ ತಲೆಯಾಡಿಸಿದಳು.

ಮನೆಗೆ ಬಂದ ಮೇಲೆ ನನ್ನ ಕೆನ್ನೆ ಸವರಿ, "ಅಯ್ಯೋ ನನ್ ಕಂದ, ಎಷ್ಟ್ ಗೋಳು ಹುಯ್ಕೊಂಡವ್ಳೆ ಆವಮ್ಮ! ನಾನು ಬೆಲ್ಲದಾಗೆ ಇಟ್ಕೊಡ್ತೀನಿ, ವಾಸ್ನೇನೇ ಬರಾಕಿಲ್ಲ," ಎಂದಳು.

ಎಳೆಯ ಕುರಿಮರಿಗೆ ನಮ್ಮ ಮನೆಯಲ್ಲಿ ಮಾತ್ರೆ ನುಂಗಿಸುವುದು ಹಾಗೆಯೇ. ಬೆಲ್ಲ ಜಜ್ಜಿ, ನಡುವೆ ಮಾತ್ರೆ ಇಟ್ಟು ಸಣ್ಣ ಉಂಡೆ ಕಟ್ಟಿ ಗಂಟಲಿಗೆ ಹಾಕುವುದು. ಅಮ್ಮ ದಿನವೂ ಅಡುಗೆ ಕೋಣೆಯಿಂದ ಉಂಡೆ ಕಟ್ಟಿ ತಂದು ನನ್ನ ಬಾಯಿಗಿಡುತ್ತಿದ್ದಳು. "ಕಚ್ಬ್ಯಾಡ, ಹಂಗೇ ನುಂಗ್ಬುಡು," ಎನ್ನುತ್ತಿದ್ದಳು. ನಾನು ಕಣ್ಣು ಮುಚ್ಚಿ ನುಂಗುತ್ತಿದ್ದೆ. ಹೊಟ್ಟೆ ತೊಳಸುವುದು ನಿಂತಿತು, ಆ ಕಪ್ಪು ಹೋಯಿತು. ತವರಿನ ಕೈಯೂಟ ಅಂದರೆ ಇದು ನೋಡು ಎಂದು ಗಂಡನಿಗೆ ಫೋನಿನಲ್ಲಿ ಕೊಚ್ಚಿಕೊಂಡೆ. ಎಂಥಾ ಪೆದ್ದಿ ನಾನು!

ಒಂಬತ್ತನೇ ತಿಂಗಳಿಗೆ ಬೀಳುವಾಗ ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಉಗುರು ಬಿಳಿಚಿಕೊಂಡಿತ್ತು. ದಿನ ತುಂಬಿದವರಿಗೆ ಹಾಗೇ ಎಂದಳು ಅಮ್ಮ. ಮಡಕಶಿರಾದಲ್ಲಿ ತೋರಿಸಿದಾಗ ರಕ್ತ ಆರೂವರೆಗೆ ಇಳಿದಿತ್ತು. ಡಾಕ್ಟರಮ್ಮ ಚೀಟಿಯನ್ನು ಮೇಜಿನ ಮೇಲೆ ಕುಕ್ಕಿದರು. ಮಾತ್ರೆ ನುಂಗಿಲ್ಲ ನೀನು ಎಂದರು. ದಿನಾ ನುಂಗಿದ್ದೇನೆ ಎಂದರೆ, "ಅಬದ್ಧಾಲು ಚೆಪ್ಪೊದ್ದು," ಸುಳ್ಳು ಹೇಳಬೇಡ ಎಂದು ತೆಲುಗಿನಲ್ಲಿ ರೇಗಿದರು.

"ಹೇಳಮ್ಮ, ದಿನಾ ಕೊಟ್ಟಿದೀಯ ತಾನೆ?" ಎಂದು ಅಮ್ಮನ ಕಡೆ ತಿರುಗಿದೆ.

"ಹೂಂ," ಎಂದಳು. ನನ್ನ ಮುಖ ನೋಡಲಿಲ್ಲ.

ಡಾಕ್ಟರಮ್ಮ ಕೊನೆಗೆ, ಹೊರಕಡೆಗೆ ಕಪ್ಪಗೆ ಆಗುತ್ತಿತ್ತಾ ಎಂದು ಕೇಳಿದರು. ಇಲ್ಲ, ಇಲ್ಲಿಗೆ ಬಂದ ಮೇಲೆ ನಿಂತುಹೋಯಿತು ಎಂದೆ. ಹಾಗಾದರೆ ನಿನ್ನ ಹೊಟ್ಟೆಗೆ ಆ ಮಾತ್ರೆ ಹೋಗಿಯೇ ಇಲ್ಲ ಎಂದರು.

ರಕ್ತ ಏರಿಸಲು ಮಲಗಿಸಿದಾಗ ಕೇಳಿದೆ. ಅಮ್ಮ ಮಂಚದ ಕಂಬಿ ಹಿಡಿದುಕೊಂಡು ಹೇಳಿದಳು. "ಗಬ್ಬದ ಕುರಿಗೆ ಹಾಕ್ದೆ ಕಣೆ. ಹಿಂಡೀಲಿ ಕಲಸಿ."

"ನಂದು ಮಾತ್ರೆ ಅಮ್ಮ ಅದು!"

"ಅದ್ರಿಂದ ಕೂಸು ದಪ್ಪ ಆಯ್ತದೆ. ದಪ್ಪ ಆದ್ರೆ ಹೊಟ್ಟೆ ಕುಯ್ತಾರೆ. ನೀನು ದಪ್ಪ ಇದ್ದೆ, ಎರಡು ದಿನ ಸತ್ತು ಹುಟ್ಟಿದೀನಿ ನಾನು."

"ಮತ್ತೆ ಕುರಿಗ್ಯಾಕೆ ಹಾಕ್ದೆ?"

"ಕುರಿ ದಪ್ಪ ಮರಿ ಹಾಕಿದ್ರೆ ಬ್ಯಾಡ ಅಂತಾರಾ?"

ನಗು ಬಂತು, ಆಮೇಲೆ ಸಿಟ್ಟು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ಅಮ್ಮನೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವಳು. ಹೆದರಿಕೆ ಇದ್ದರೆ ನನಗೆ ಹೇಳಬಹುದಿತ್ತು. ಮಾತ್ರೆ ಬೇಡ ಎಂದು ಜಗಳ ಆಡಬಹುದಿತ್ತು, ನಾನೂ ಆಡುತ್ತಿದ್ದೆ. ಎರಡು ತಿಂಗಳು ದಿನಕ್ಕೊಮ್ಮೆ ಎದುರು ಕೂತು ಬರೀ ಬೆಲ್ಲವನ್ನು ನನ್ನ ಬಾಯಿಗಿಟ್ಟಳು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎರಡು ಬಾಟಲಿ ರಕ್ತ ಏರಿಸಿದರೂ ಹೆರಿಗೆಯಲ್ಲಿ ಕಣ್ಣು ಕತ್ತಲೆ ಬಂತು. ಮತ್ತೊಂದು ಬಾಟಲಿ ಹಾಕಿದರು. ನಾನು ಬದುಕುತ್ತೇನೋ ಇಲ್ಲವೋ ಎಂದು ಹೊರಗೆ ಗಂಡ ಅಳುತ್ತಿದ್ದನಂತೆ. ಮಗಳು ಎರಡು ಕೇಜಿಯೂ ಇರಲಿಲ್ಲ, ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅಮ್ಮ ನನ್ನ ಕಿವಿಗೆ ಬಗ್ಗಿ, "ಕತ್ತರಿ ತಾಗ್ದಂಗೆ ಆಯ್ತು, ನೋಡ್ದಾ?" ಎಂದಳು. ಅವಳ ಮುಖದಲ್ಲಿ ಗೆದ್ದವಳ ಕಳೆಯಿತ್ತು.

ಮಾರನೆಯ ದಿನ ಅತ್ತೆ ಬಸ್ಸು ಬದಲಿಸಿಕೊಂಡು ಬಂದರು. ಗಾಜಿನ ಆಚೆಯಿಂದ ಮಗುವನ್ನು ನೋಡಿ, ನನ್ನ ಹತ್ತಿರ ಕೂತು ಹಣೆಯ ಮೇಲೆ ಕೈಯಿಟ್ಟರು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು.

"ಬೆಳ್ಳಗ ಆಗಿದ್ದಿಯಲ್ಲವಾ. ಮಾತ್ರಿ ಏನಾದ್ವು?"

ನಿಜ ಹೇಳಿದರೆ ಎರಡು ಮನೆಯ ಬೀಗತನ ಅಲ್ಲಿಗೇ ಮುಗಿಯುತ್ತಿತ್ತು. ಆ ವಾರ್ಡಿನಲ್ಲಿ, ಹತ್ತು ಜನರ ಎದುರು, ಅಮ್ಮ ತಲೆ ಎತ್ತುವ ಹಾಗಿರಲಿಲ್ಲ. ಎಷ್ಟಾದರೂ ಹೆತ್ತವಳು.

"ನಾನೇ ನುಂಗಲಿಲ್ಲ ಅತ್ತೆ. ಎಸೆದುಬಿಟ್ಟೆ," ಎಂದೆ.

ಹೇಳಿ ಅಮ್ಮನ ಕಡೆ ನೋಡಿದೆ. ಒಂದು ಮಾತು ಬೇಡ, ಸುಮ್ಮನೆ ತಲೆ ತಗ್ಗಿಸಿದ್ದರೂ ಸಾಕಿತ್ತು ನನಗೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೂನಕ್ಕ, ನಾನೆಷ್ಟ್ ಬಡ್ಕೊಂಡ್ರೂ ಕೇಳ್ನಿಲ್ಲ. ಮೊದ್ಲಿಂದ್ಲೂ ಹಿಂಗೇ ಇವ್ಳು, ಹಟಮಾರಿ."

ಅತ್ತೆ ನನ್ನ ಹಣೆಯ ಮೇಲಿಟ್ಟಿದ್ದ ಕೈಯನ್ನು ತೆಗೆದುಕೊಂಡರು.