ನಾನು ಉಳಿಸಿಕೊಂಡ ಎಚ್ಚರಿಕೆ

ದೊಡ್ಡನೆಕ್ಕುಂದಿಯಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಲೇಡೀಸ್ ಪಿ.ಜಿ. ಇದೆ. ನಡೆಸುವುದು ಅಣ್ಣ. ತಾರಸಿ ಮೇಲಿನ ಒಂಟಿ ರೂಮು ನನ್ನದು. ಮದುವೆ ಮುರಿದು ವಾಪಸ್ ಬಂದಾಗಿನಿಂದ ಅಲ್ಲೇ ಕೂತು ಹಳೇ ವೆಬ್‌ಸೈಟುಗಳನ್ನು ರಿಪೇರಿ ಮಾಡುತ್ತೇನೆ. ಕೆಳಗಿರುವ ಹುಡುಗಿಯರ ಪಾಲಿಗೆ ನಾನು ವೈಫೈ ಆಂಟಿ. ನೆಟ್ ಹೋದರೆ ಬಾಗಿಲು ಬಡಿಯುತ್ತಾರೆ, ಬಂದ ಕೂಡಲೇ ಮರೆಯುತ್ತಾರೆ. ಅತ್ತಿಗೆ ಮಧ್ಯಾಹ್ನ ಊಟದ ಡಬ್ಬಿ ಮೆಟ್ಟಿಲ ಮೇಲಿಟ್ಟು ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಹುಟ್ಟಿದ ಊರಲ್ಲೇ ಹೀಗೆ ಒಂಟಿಯಾಗಿಬಿಡುತ್ತೀಯ ಅಂತ ಮೊದಲೇ ಯಾರಾದರೂ ಹೇಳಿದ್ದರೆ ಅವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ.

ಹೋದ ವರ್ಷ ಪೀಣ್ಯದಿಂದ ಒಬ್ಬರು ಫೋನ್ ಮಾಡಿದರು. ಸ್ಪ್ರಿಂಗ್ ತಯಾರಿಸುವ ಸಣ್ಣ ಶೆಡ್ಡಿನ ಯಜಮಾನರು, ಅರವತ್ತು ದಾಟಿದ ದನಿ. "ಮೇಡಂ, ನಮ್ಮ ವೆಬ್‌ಸೈಟ್ ತೆಗೆದ್ರೆ ಸೇಫ್ ಅಲ್ಲ ಅಂತ ಬರ್ತದಂತೆ. ನಾವೇನು ಕಳ್ಳರಾ?" ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ ತಿಂಗಳು ತಿಂಗಳೂ ಸ್ಪ್ರಿಂಗ್ ಕೊಡುವವರನ್ನು ಹುಡುಕುತ್ತಿತ್ತು. ಆ ಆರ್ಡರ್ ಸಿಕ್ಕರೆ ಗೋಣಿಚೀಲ ಹೊದ್ದು ಕೂತಿದ್ದ ಅವರ ಎರಡನೇ ಮಷೀನು ಮತ್ತೆ ಓಡುತ್ತದೆ. ಸಿಗದಿದ್ದರೆ ಆ ಮಷೀನಿನ ಮುಂದೆ ಇಪ್ಪತ್ತು ವರ್ಷ ನಿಂತ ಮನುಷ್ಯನನ್ನು ಮನೆಗೆ ಕಳಿಸಬೇಕು. ಇಷ್ಟನ್ನೂ ಅವರು ಮೊದಲ ಫೋನಿನಲ್ಲೇ ಹೇಳಿಬಿಟ್ಟರು.

ತೆಗೆದು ನೋಡಿದೆ. ಸೈಟಿಗೆ ಯಾರೋ ಹೊಸದಾಗಿ ಸುರಕ್ಷತೆಯ ಬೀಗ ಹಾಕಿಸಿದ್ದರು, ಆದರೆ ಪುಟದೊಳಗಿನ ಚಿತ್ರಗಳೆಲ್ಲ ಬೀಗವಿಲ್ಲದ ಹಳೇ ವಿಳಾಸದಿಂದಲೇ ಬರುತ್ತಿದ್ದವು. ವಿಳಾಸದ ಎಚ್‌ಟಿಟಿಪಿ ಕೊನೆಗೆ ಒಂದು ಎಸ್ ಇರಬೇಕಾದ ಕಡೆ ಇರಲಿಲ್ಲ. ಒಂದೇ ಒಂದು ಚಿತ್ರ ಹಾಗಿದ್ದರೂ ಬ್ರೌಸರ್ ಇಡೀ ಪುಟದ ಮೇಲೆ ಅನುಮಾನ ಪಡುತ್ತದೆ. ಇದನ್ನು ಅವರಿಗೆ ಹೇಗೆ ಹೇಳುವುದು ಅಂತ ನಾನು ಒದ್ದಾಡುತ್ತಿದ್ದರೆ ಅವರೇ ಹಿಡಿದುಕೊಂಡರು. "ಗೊತ್ತಾಯ್ತು ಬಿಡಿ. ನಮ್ಮಲ್ಲೂ ಅಷ್ಟೇ. ಒಂದು ಪೀಸ್ ಕೆಟ್ಟಿದ್ರೆ ಲಾಟ್‌ಗೆ ಲಾಟೇ ವಾಪಸ್ಸು."

ಬರೀ ಎಸ್ ಸೇರಿಸಿದರೆ ಆಗುತ್ತಿರಲಿಲ್ಲ. ಚಿತ್ರಗಳಿದ್ದ ಹಳೇ ಸರ್ವರ್‌ಗೆ ಬೀಗವೇ ಇರಲಿಲ್ಲ. ಒಂದೊಂದನ್ನೂ ಇಳಿಸಿಕೊಂಡು, ಇವರ ಸೈಟಿನ ಜಾಗಕ್ಕೆ ತಂದಿಟ್ಟು, ಪುಟಪುಟದಲ್ಲೂ ವಿಳಾಸ ತಿದ್ದಬೇಕಿತ್ತು. ದಿನಾ ಹನ್ನೊಂದಕ್ಕೆ, ಶೆಡ್ಡಿನಲ್ಲಿ ಟೀ ಹೊತ್ತಿಗೆ, ಅವರ ಫೋನು. ಮೂರನೇ ದಿನಕ್ಕೆ ಮೇಡಂ ಹೋಗಿ ಅಮ್ಮ ಆಗಿದ್ದೆ. "ತಿಂಡಿ ಆಯ್ತೇನಮ್ಮಾ? ಏನು ತಿಂದೆ?" ಅಂತ ಶುರು. ತಂತಿಯ ಸುರುಳಿಗೆ ತುಕ್ಕು ಹಿಡಿದು ಬಂದಿದ್ದು, ಪ್ಯಾಕಿಂಗ್ ಡಬ್ಬದಲ್ಲಿ ಬೆಕ್ಕು ಮರಿ ಹಾಕಿದ್ದು, ಹೆಂಡತಿ ಸಕ್ಕರೆ ಡಬ್ಬಿ ಬಚ್ಚಿಟ್ಟಿದ್ದು ಎಲ್ಲ ಹೇಳುವರು. ಕೊನೆಯಲ್ಲಿ ನೆನಪಾದಂತೆ, "ಅದೇನಾಯ್ತಮ್ಮಾ ನಮ್ಮ ಕೆಲಸ?" ಅನ್ನುವರು. ಫೋನಿನಲ್ಲಿ ಮಾತಾಡುವುದಕ್ಕೆ ಯಾರಾದರೂ ತಲೆ ಬಾಚಿಕೊಳ್ಳುತ್ತಾರಾ? ನಾನು ಬಾಚಿಕೊಳ್ಳುತ್ತಿದ್ದೆ.

ಒಂಬತ್ತನೇ ದಿನ, ಮಂಗಳವಾರ, ಚಿತ್ರಗಳೆಲ್ಲ ಮುಗಿದವು. ಉಳಿದಿದ್ದು ಗಿರಾಕಿಗಳು ತುಂಬಿ ಕಳಿಸುವ ಎನ್‌ಕ್ವೈರಿ ಫಾರಂ ಒಂದೇ. ಕಳಿಸು ಅಂತ ಒತ್ತಿದರೆ ಅದು ಈಗಲೂ ಬೀಗವಿಲ್ಲದ ವಿಳಾಸಕ್ಕೇ ಹೋಗುತ್ತಿತ್ತು. ಬ್ರೌಸರ್ ಪರದೆ ತುಂಬ ಎಚ್ಚರಿಕೆ ಹಾಕಿ ತಡೆಯುತ್ತಿತ್ತು. ಹತ್ತು ನಿಮಿಷದ ಕೆಲಸ. ಆದರೆ ಅದು ಮುಗಿದರೆ ಹನ್ನೊಂದರ ಫೋನೂ ಮುಗಿಯಿತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

"ಒಂದು ಬಾಕಿ ಇದೆ ಸಾರ್. ಸ್ವಲ್ಪ ತೊಡಕಿದೆ" ಅಂದೆ.

"ನಿಧಾನಕ್ಕೆ ಮಾಡಮ್ಮಾ. ಅರ್ಜೆಂಟ್ ಮಾಡಿ ತಲೆನೋವು ತಂದ್ಕೋಬೇಡ."

ಬುಧವಾರವೂ ಅದನ್ನೇ ಹೇಳಿದೆ. ಗುರುವಾರ, ಶುಕ್ರವಾರ ಕೂಡ. ಕಾಯಲು ಕರೆಸಿಕೊಂಡವಳೇ ಹೀಗೆ ಮಾಡಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ನಾಚಿಕೆ ಆಗಲಿಲ್ಲವೇ ಅಂದರೆ, ಆಯಿತು. ಆದರೆ ಹನ್ನೊಂದು ಹೊಡೆಯುವ ಹೊತ್ತಿಗೆ ಖುಷಿಯೇ ಜಾಸ್ತಿ ಇರುತ್ತಿತ್ತು.

ಸೋಮವಾರ ಅವರು ತಿಂಡಿ ಕೇಳಲಿಲ್ಲ. "ಆ ಕಂಪನಿಯೋರು ಶನಿವಾರ ಫಾರಂ ತುಂಬಕ್ಕೆ ಹೋದ್ರಂತಮ್ಮಾ. ದೊಡ್ಡದಾಗಿ ವಾರ್ನಿಂಗ್ ಬಂತಂತೆ. ಇವರ ಸಹವಾಸ ಬೇಡ ಅಂತ ಆರ್ಡರ್ ಬೇರೆಯವರಿಗೆ ಕೊಟ್ಬಿಟ್ರು. ಅಲ್ಲಿ ನಮ್ಮ ಪರಿಚಯದೋರು ಒಬ್ರಿದಾರೆ, ಅವರೇ ಹೇಳಿದ್ರು." ಅವರೇ ಸೇರಿಸಿದರು, "ನಿಂದೇನೂ ತಪ್ಪಿಲ್ಲ ಬಿಡು. ತೊಡಕಿನ ಕೆಲಸ ಅಂತ ನೀನು ಮೊದಲೇ ಹೇಳಿದ್ದೆ."

ಬೈದಿದ್ದರೆ ತಿರುಗಿಸಿ ಬೈಯುತ್ತಿದ್ದೆ. ಮನೆಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ಈ ಮಾತು ಮಾತ್ರ ತಡೆಯಲಾಗಲಿಲ್ಲ.

"ತೊಡಕೇನೂ ಇರಲಿಲ್ಲ ಸಾರ್. ಹತ್ತು ನಿಮಿಷದ ಕೆಲಸ. ಹೋದ ಮಂಗಳವಾರವೇ ಮುಗಿಸ್ಬೋದಿತ್ತು. ಮುಗಿದ್ರೆ ನೀವು ಫೋನ್ ಮಾಡಲ್ಲ ಅಂತ ಬಿಟ್ಟೆ."

ಅವರ ಹಿಂದೆ ಒಂದೇ ಮಷೀನಿನ ಸದ್ದು ಕೇಳುತ್ತಿತ್ತು. "ಆ ಎರಡನೇ ಮಷೀನಿನ ಮನುಷ್ಯನಿಗೆ ನಾಳೆಯಿಂದ ಬರಬೇಡಪ್ಪಾ ಅಂತ ಈಗ ತಾನೇ ಹೇಳಿ ಬಂದೆ" ಅಂದರು. ದನಿ ಏರಲಿಲ್ಲ. ಆಮೇಲೆ ನಿಧಾನವಾಗಿ, "ಮಾತಾಡ್ಬೇಕು ಅನ್ಸಿದ್ರೆ ಸುಮ್ನೆ ಫೋನ್ ಮಾಡ್ಬೋದಿತ್ತಲ್ಲಮ್ಮಾ. ನಾನೇನು ಬೇಡ ಅಂತಿದ್ನಾ?" ಅಂದರು.

ಕೆಲಸವಿಲ್ಲದೆಯೂ ಒಬ್ಬರಿಗೆ ಫೋನ್ ಮಾಡಬಹುದು ಅನ್ನುವುದು ನನಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಅವರು ಫೋನ್ ಇಟ್ಟ ಮೇಲೆ ಫಾರಂ ಸರಿ ಮಾಡಿದೆ. ಏಳೇ ನಿಮಿಷ ಹಿಡಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಆಮೇಲೆ ಅವರು ಫೋನ್ ಮಾಡಿಲ್ಲ. ಎಷ್ಟೋ ಸಲ ಅವರ ನಂಬರ್ ತೆಗೆದು ನೋಡಿದ್ದೇನೆ. ಮಾಡಿದರೆ ಎತ್ತುತ್ತಾರೆ, ತಿಂಡಿ ಆಯ್ತಾ ಅಂತಲೂ ಕೇಳಿಯಾರು. ಆದರೆ ಆ ಮನುಷ್ಯನಿಗೆ ಬೇರೆ ಕಡೆ ಕೆಲಸ ಸಿಕ್ಕಿತಾ ಅಂತ ನಾನು ಕೇಳಲೇಬೇಕಾಗುತ್ತದೆ, ಇಲ್ಲ ಅಂದುಬಿಟ್ಟರೆ ಅನ್ನುವ ಹೆದರಿಕೆಗೆ ಇನ್ನೂ ಮಾಡಿಲ್ಲ.