ದೊಡ್ಡವ್ವ ಕಾರಿಗೆ ನೀರು ಕುಡಿಸಿದ್ದು

ಬಹಳ ದಿನ ನಾನು ಕಾರಿನ ಎಂಜಿನ್ ತಣಿಸುವ ಕೂಲೆಂಟನ್ನು ಬಣ್ಣ ನೋಡಿ ಆರಿಸುತ್ತಿದ್ದೆ. ಹಸಿರು ಕಣ್ಣಿಗೆ ತಂಪು, ಆದ್ದರಿಂದ ಎಂಜಿನ್ನಿಗೂ ತಂಪು ಎಂಬುದು ನನ್ನ ವಿಜ್ಞಾನ. ಕೆಂಪು ಕೂಲೆಂಟ್ ಕಂಡರೆ ಎಲ್ಲಿ ಉಷ್ಣವಾದೀತೋ ಎಂಬ ಅನುಮಾನ. ನಗಬೇಡಿ. ಮಾವಿನಹಣ್ಣು ಉಷ್ಣ, ಎಳನೀರು ತಂಪು ಎಂದು ಲೋಕವನ್ನೇ ಎರಡು ಪಾಲು ಮಾಡಿಕೊಂಡು ಬದುಕುವ ಜನ ನಾವು. ಕಾರನ್ನು ಮಾತ್ರ ಹೊರಗಿಡುವುದು ಹೇಗೆ? ಆಮೇಲೆ ಕಾರಿನ ಜೊತೆ ಕೊಟ್ಟ ಪುಸ್ತಕ ಓದಿ ಬುದ್ಧಿ ಬಂತು. ಬಣ್ಣವನ್ನು ನಂಬುವಂತಿಲ್ಲ. ಪುಸ್ತಕ ಹೇಳಿದ ಬಗೆಯದನ್ನೇ ಹಾಕಬೇಕು, ಅದಕ್ಕೆ ಇನ್ನೊಂದನ್ನು ಬೆರೆಸಬಾರದು. ಬೋರಿನ ನೀರನ್ನಂತೂ ತೋರಿಸಲೇಬಾರದು, ಅದರ ಉಪ್ಪು ಒಳಗೆಲ್ಲ ಕಟ್ಟಿಕೊಳ್ಳುತ್ತದೆ.

ಈ ಜ್ಞಾನ ಹೊಸದುರ್ಗದಾಚೆಯ ನಮ್ಮೂರಿನಲ್ಲಿ ನಡೆಯುವುದಿಲ್ಲ. ಅಲ್ಲಿ ನನ್ನ ದೊಡ್ಡವ್ವ ಇದ್ದಾಳೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಕುರಿ ಕಾಯುವ ಮನೆತನ ನಮ್ಮದು. ದಾರಿ ನಡೆದು ಬಂದ ಜೀವಕ್ಕೆ ಮೊದಲು ನೀರು, ಮಾತು ಆಮೇಲೆ. ಬಂದದ್ದು ಮನುಷ್ಯನೋ ಕುರಿಯೋ ಎಂದು ದೊಡ್ಡವ್ವ ನೋಡುವವಳಲ್ಲ.

ಹೋದ ಸಲ ಊರಿನಲ್ಲಿ ತಂಗಿದ್ದಾಗ ಬೆಳಿಗ್ಗೆ ಬಾನೆಟ್ ಎತ್ತಿ, ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದಿಟ್ಟು, ಒರೆಸುವ ಬಟ್ಟೆ ತರಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ದೊಡ್ಡವ್ವ ಡಬ್ಬಿಯ ಕಂಠದವರೆಗೂ ಬೋರಿನ ನೀರು ತುಂಬಿಸಿ, ಖಾಲಿ ಚೊಂಬು ಹಿಡಿದು ನಿಂತಿದ್ದಳು.

"ಅರ್ಧಕ್ಕೆ ಇಳಿದಿತ್ತು ಕಣಪ್ಪ. ಚಿತ್ರದುರ್ಗದಿಂದ ಬಂದೈತೆ, ಬಾಯಾರಿಕೆ ಆಗಿರಲ್ವೇನು?"

ಮುಚ್ಚಳ ಹಾಕಿ ಹೊರಟೆ. ಹೊಸದುರ್ಗದ ಗ್ಯಾರೇಜಿನಲ್ಲಿ ಅಷ್ಟನ್ನೂ ಬಸಿದು ಹೊಸದು ಹಾಕಿಸಿದೆ. "ಹಿಂಗೇ ನೀರು ಕುಡಿಸ್ತಿದ್ರೆ ಎಂಜಿನ್ ಕೈ ಕೊಡ್ತೈತ್ರಿ" ಎಂದ ಮೆಕ್ಯಾನಿಕ್.

ಹಾಗಾಗಿ ಈ ಸಲ ಹೊರಡುವಾಗಲೇ ಚಿಂತೆ ಹತ್ತಿತ್ತು. ಸುಮ್ಮನಿದ್ದರೆ ಎಂಜಿನ್ ಕೆಡುತ್ತದೆ, ಬೇಡವೆಂದರೆ ಅವಳು ನೊಂದುಕೊಳ್ಳುತ್ತಾಳೆ. ಎಂಜಿನ್ ಬಿಸಿಯಿದ್ದಾಗ ಕೂಲೆಂಟ್ ಡಬ್ಬಿಯ ಮುಚ್ಚಳ ತಿರುಗಿಸಿ ಕೈ ಸುಟ್ಟುಕೊಂಡಾಳೆಂಬ ಭಯ ಬೇರೆ. ಎಂಜಿನ್ ಬೇಕಾದರೆ ಇನ್ನೊಂದು ಸಿಗುತ್ತದೆ. ದೊಡ್ಡವ್ವನ ಕೈಯ ನೀರನ್ನು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಅವಳೆಂದರೆ ನನಗೆ ಅಷ್ಟು ಪ್ರೀತಿ.

ಅಂಗಳದಲ್ಲಿ ಕಾರು ನಿಂತಿತು, ಚೊಂಬು ಬಂತು. ನಾನು ಬಾನೆಟ್ ಎತ್ತಿ, ಮುಂದಿನ ಗಾಜು ತೊಳೆಯುವ ನೀರಿನ ಡಬ್ಬಿಯನ್ನು ತೆರೆದು ತೋರಿಸಿದೆ.

"ದೊಡ್ಡವ್ವ, ಇದಕ್ಕೇ ಹಾಕು. ಆ ಇನ್ನೊಂದು ಸುಡ್ತೈತೆ, ಯಾವತ್ತೂ ಮುಟ್ಟಬ್ಯಾಡ."

ಅವಳು ಒಂದು ಹನಿಯೂ ಚೆಲ್ಲದಂತೆ ಹುಯ್ದಳು. ನಾನು ಬಾನೆಟ್ ಮುಚ್ಚಿ, ಒಳಗೆ ಕೂತು ಗುಂಡಿ ಒತ್ತಿದೆ. ಗಾಜಿನ ಮೇಲೆ ನೀರು ಚಿಮ್ಮಿತು, ವೈಪರ್ ಅತ್ತಿತ್ತ ಆಡಿತು. ದೊಡ್ಡವ್ವ ಬೆಚ್ಚಿ ಹಿಂದೆ ಸರಿದವಳು, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

"ತಲೆ ಆಡಿಸ್ತೈತೆ ನೋಡು, ಸಾಕಂತೆ! ಈಗ ನೀನು ಕುಡಿ ಬಾರಪ್ಪ."

ಮತ್ತೆ ತುಂಬಿ ತಂದ ಚೊಂಬನ್ನು ಎತ್ತಿ ಗಟಗಟ ಕುಡಿದೆ. ಬೋರಿನ ನೀರು, ತುಸು ಉಪ್ಪುಪ್ಪು. ಕಾರಿಗೆ ಯಾವುದು ಸರಿಯೆಂದು ಪುಸ್ತಕ ಹೇಳೀತು. ನನಗೆ ಸರಿಹೊಂದುವುದು ಇದು. ಇದಕ್ಕೂ ಇನ್ನೊಂದನ್ನು ಬೆರೆಸುವಂತಿಲ್ಲ.