ಜೀಪಿಗೆ ಕಟ್ಟಿದ ಬುಟ್ಟಿ

ಮಗುಗೆ ಕಾರ್ ಸೀಟ್ ಆರಿಸೋಕೆ ಗಂಟೆಗಟ್ಲೆ ಫೋನ್ ತಿಕ್ತೀರಲ್ಲ, ನಾನು ಆರಿಸಿದ ಸೀಟಿನ ಕಥೆ ಕೇಳಿದ ಮೇಲೂ ನಿಮ್ಮ ಮಗುನ ನನ್ನ ಕೈಗೆ ಕೊಡ್ತೀರಾ? ನಿಧಾನಕ್ಕೆ ಓದಿ. ನಾನೂ ಫೋನಲ್ಲಿ ಒಂದೇ ಬೆರಳಲ್ಲಿ ಅಕ್ಷರ ಒತ್ತುತಾ ಇದ್ದೀನಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷ ಆಗಿತ್ತು. ಪೊನ್ನಂಪೇಟೆ ಹತ್ರ ನಮ್ಮ ತೋಟ. ಯಜಮಾನ್ರು ಮಿಲಿಟರಿ ಹರಾಜಲ್ಲಿ ಒಂದು ಜೀಪ್ ತಂದಿದ್ರು. ಅದಕ್ಕೆ ಬಾಗಿಲೇ ಇಲ್ಲ. ಎರಡು ವರ್ಷದ ಮಗಳು ಒಂದು ತಿರುವಲ್ಲಿ ನನ್ನ ಮಡಿಲಿಂದ ಜಾರಿದ್ಲು. ಫ್ರಾಕ್ ಕೈಗೆ ಸಿಕ್ಕಿದ್ದಕ್ಕೆ ಬಚಾವ್.

"ಇವಳಿಗೆ ಗಟ್ಟಿ ಸೀಟ್ ಆಗೋವರೆಗೆ ನೀವಿಬ್ರೂ ಜೀಪ್ ಹತ್ತೋದು ಬೇಡ" ಅಂದುಬಿಟ್ರು ಯಜಮಾನ್ರು.

ಕಾವೇರಿ ಸಂಕ್ರಮಣದ ಜಾತ್ರೆ ಬೇರೆ ಹತ್ರ ಬಂದಿತ್ತು. ನನ್ನ ತವರು ಭಾಗಮಂಡಲ. ಸೀಟಿಲ್ಲ ಅಂದ್ರೆ ತವರೂ ಇಲ್ಲ.

ಕಾಫಿ ಕುಯ್ಯೋ ಬುಟ್ಟಿಲಿ ಮಗಳನ್ನ ಕೂರಿಸಿ ನೋಡಿದೆ. ಸರಿಯಾಗಿ ಕೂತ್ಲು. ಅಲ್ಲಿಗೇ ನಿಲ್ಲಿಸ್ಬೇಕಿತ್ತು. ಆದ್ರೆ ಬೆಳೆಯೋ ಮಗು ಅಲ್ವಾ? ನಾವೆಲ್ಲ ಫ್ರಾಕ್ ಹೊಲಿಸಿದ್ರೂ ಮುಂದಿನ ಮೂರು ವರ್ಷಕ್ಕೆ ಆಗೋ ಹಾಗೆ ಹೊಲಿಸ್ತಿದ್ದೋರು. ಅದೇ ಬುದ್ಧಿ ಓಡಿಸಿ, ಸ್ಕೂಲಿಗೆ ಹೋಗೋ ವಯಸ್ಸಿಗೂ ಆಗ್ಬೇಕು ಅಂತ ಬಿದಿರಿಂದು ದೊಡ್ಡ ಬುಟ್ಟಿ ಹೆಣೆಸಿದೆ.

ಹೊರಡೋ ದಿನ ಅದನ್ನ ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದು ಮಗಳನ್ನ ಒಳಗೆ ಇಳಿಸಿದೆ. ಮಗಳು ಕಾಣ್ಲೇ ಇಲ್ಲ. ಅಳು ಮಾತ್ರ ಕೇಳ್ತಿತ್ತು.

ಯಜಮಾನ್ರು ಬಗ್ಗಿ ನೋಡಿ, "ಸೀಟ್ ಮಾಡ್ಸು ಅಂದ್ರೆ ಬಾವಿ ತೋಡ್ಸಿದ್ದೀಯ" ಅಂದ್ರು.

ಬುಟ್ಟಿ ತಳಕ್ಕೆ ಕಂಬಳಿ ತುರುಕಿದೆ. ಮಗಳು ಕಂಬಳಿ ಜೊತೆ ಅತ್ಲಾಗೆ ಇತ್ಲಾಗೆ ಉರುಳಿದ್ಲು. ಯಜಮಾನ್ರು ಜೀಪಿನ ಕೀ ಜೇಬಿಗೆ ಹಾಕ್ಕೊಂಡ್ರು. ಸೀರೆ ಎತ್ತಿ ಕಟ್ಟಿ ನಾನೇ ಬುಟ್ಟಿಗೆ ಇಳಿದು ಕೂತೆ. ಮಗಳನ್ನ ಮಡಿಲಿಗೆ ಹಾಕ್ಕೊಂಡೆ.

"ನೋಡಿ, ಈಗ ಅಲ್ಲಾಡೋದಿಲ್ಲ. ಹೊರಡಿ."

ನಿಜವಾಗ್ಲೂ ಅಲ್ಲಾಡ್ಲಿಲ್ಲ. ಎಷ್ಟು ತಿರುವು ಬಂದ್ರೂ ಮಗಳು ನಗ್ತಾನೇ ಇದ್ಲು. ನಾಪೋಕ್ಲು ದಾಟೋ ಹೊತ್ತಿಗೆ ನನ್ನ ಕಾಲು ಎರಡೂ ಮರಗಟ್ಟಿದ್ವು.

ಭಾಗಮಂಡಲದಲ್ಲಿ ಅಮ್ಮ ಅಂಗಳಕ್ಕೆ ಬಂದು ಮೊಮ್ಮಗಳನ್ನ ಎತ್ಕೊಂಡ್ರು. ನಾನು ಏಳೋಕೆ ಹೋದೆ, ಆಗ್ಲಿಲ್ಲ. ಯಜಮಾನ್ರು ಹಗ್ಗ ಬಿಚ್ಚಿ ನನ್ನನ್ನ ಎಳೆದ್ರು. ಸೊಂಟಕ್ಕೆ ಸಿಕ್ಕಿಕೊಂಡ ಬುಟ್ಟಿನೂ ಜೊತೆಗೇ ಬಂತು.

ಸಂಬಂಧಿಕರೆಲ್ಲ ನೋಡ್ತಾ ನಿಂತಿದ್ರು. ಏನಾದ್ರೂ ಹೇಳ್ಬೇಕಲ್ಲ? "ಮಗುಗೆ ಅಂತಾನೇ ಮಾಡ್ಸಿದ್ದಮ್ಮ, ಬೆಳೆಯೋ ಮಗು ನೋಡು" ಅಂದೆ.

ಅಮ್ಮ ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು.

"ಬೆಳೆದಿರೋದು ಕಾಣ್ತದೆ. ಬುಟ್ಟಿ ಕಳಚಿ ಬಾ, ಹಾಗೇ ಬಂದ್ರೆ ಬಾಗಿಲಲ್ಲಿ ಹಿಡಿಸೋದಿಲ್ಲ."